ಬಡಿದು ನೋಡದ ಗೋಡೆ

ಇದು ಶುರುವಾದದ್ದು ಚಳಿ ಪೂರ್ತಿ ಬಿಟ್ಟಿರದ, ಬಿಸಿಲು ಇನ್ನೂ ಚುರುಕಾಗದ ದಿನಗಳಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ. ಹತ್ತೂವರೆ ಎಂದು ಮೇಸ್ತ್ರಿಗೆ ಖಾತರಿ, ಯಾಕೆಂದರೆ ಟೀ ಬಂದಿತ್ತು, ಲೋಟಕ್ಕೆ ಬಗ್ಗಿಸಿರಲಿಲ್ಲ. ಮಹಡಿಯ ಬಚ್ಚಲಲ್ಲಿ ಹಳೇ ಕೊಳವೆಯ ಜಾಡು ಹುಡುಕುತ್ತಿದ್ದ ಪ್ಲಂಬರ್ ಮೆಟ್ಟಿಲ ಬಾಯಿಗೆ ಬಂದು, "ಮೇಸ್ತ್ರೀ, ಈ ಮನೆಗೆ ನೀರು ಎಲ್ಲಿಂದ ಬರುತ್ತೆ ಅಂತ ಗೊತ್ತಾಯ್ತು. ಎಲ್ಲಿಗೆ ಹೋಗುತ್ತೆ ಅಂತ ಕಟ್ಟಿದವನಿಗೂ ಗೊತ್ತಿರಲಿಲ್ಲ ಅನ್ಸುತ್ತೆ, ಬನ್ನಿ" ಎಂದು ಕೂಗಿದ. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಹೋದರೆ, ಒಡೆದ ನೆಲದ ನಡುವೆ ಅಂಗೈ ಅಗಲದ ತೂತು. "ಒಂದು ಬಕೆಟ್ ಹುಯ್ದೆ, ಎರಡು ಹುಯ್ದೆ. ಹೊರಗಡೆ ಚರಂಡಿ ಒಣಗಿ ಕೂತಿದೆ. ಇದೇನು ಮನೆಯೋ ಒಂಟೆಯೋ?" ಪ್ಲಂಬರ್ ನಕ್ಕ. ಮೇಸ್ತ್ರಿಯೂ ನಗಲು ಬಾಯಿ ತೆರೆದ. ಆದರೆ ಅಷ್ಟರಲ್ಲಿ ಅವನ ತಲೆ ಆ ತೂತಿನಿಂದ ನೆಟ್ಟಗೆ ಕೆಳಗಿಳಿದು, ತೊಲೆ ದಾಟಿ, ಅದರ ಅಡಿ ಯಾವ ಗೋಡೆ ಇದೆ ಎಂದು ಲೆಕ್ಕ ಹಾಕಿ ಮುಗಿಸಿತ್ತು. ಹಿಂದಿನ ಕೋಣೆಯ ಗೋಡೆ. ಅಲ್ಲಿ ಹಳೇ ಓನರ್ ಕಾಲದಿಂದ ಬಾಡಿಗೆಗಿದ್ದ ದರ್ಜಿ ಮಲಗುವ ಮಂಚದ ಗೋಡೆ.

ಇಪ್ಪತ್ತಮೂರನೆಯದು ಎಂದು ಅವನೊಳಗೆ ಯಾರೋ ಹೇಳಿದರು. ಮಗಳು ಅಳಿಯ ಕೊಳ್ಳಲಿದ್ದ ಈ ಹಳೇ ಮನೆ ನೋಡಲು ಬಂದ ದಿನ ಬೀಡಿ ಕಟ್ಟಿನ ಕಾಗದದ ಹಿಂದೆ ಬಡಿದು ನೋಡಿದ ಗೋಡೆಗೊಂದರಂತೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದ. ಓದು ಮೂರನೇ ಕ್ಲಾಸಿಗೆ ನಿಂತದ್ದು, ಬರೆಯಲು ಬರುವುದು ಅಷ್ಟಕ್ಕಷ್ಟೆ, ಗೆರೆ ಮಾತ್ರ ತಪ್ಪುವುದಿಲ್ಲ. ಗಾರೆ ಮೆತ್ತುವ ಕರಣೆಯ ಮರದ ಹಿಡಿಕೆಯಿಂದ ಗೋಡೆಯನ್ನು ಮೊಣಕಾಲೆತ್ತರದಲ್ಲಿ ಮೂರು ಕಡೆ, ಎದೆಯೆತ್ತರದಲ್ಲಿ ಮೂರು ಕಡೆ, ಕೈ ನಿಲುಕುವ ಎತ್ತರದಲ್ಲಿ ಮೂರು ಕಡೆ ಬಡಿಯಬೇಕು. ಗಟ್ಟಿ ಇದ್ದರೆ ಸದ್ದು ಕೈಗೆ ವಾಪಸು ಬರುತ್ತದೆ, ಟೊಳ್ಳಿದ್ದರೆ ಒಳಗೇ ಉಳಿದುಬಿಡುತ್ತದೆ. ಇದನ್ನು ಕಲಿಸಿದ ಸೋದರಮಾವ ಸತ್ತು ನಲವತ್ತು ವರ್ಷ. ಒಂದು ಸಲ ಇವನು ಒಂದು ಗೋಡೆ ಬಿಟ್ಟು ಮುಂದಿನದಕ್ಕೆ ಹೋದನೆಂದು ಆತ ಕೂಲಿಯವರೆಲ್ಲರ ಎದುರು ಕಪಾಳಕ್ಕೆ ಹೊಡೆದಿದ್ದ, ಹೊಡೆದ ಕೈಯಲ್ಲಿ ಗಾರೆ ಇತ್ತು, ಕೆನ್ನೆಯ ಮೇಲೆ ಸಂಜೆಯವರೆಗೆ ಒಣಗಿ ಬಿರಿಯುತ್ತಿತ್ತು. ಅದರ ಉರಿ ಈಗ ಈ ಬಚ್ಚಲಲ್ಲಿ, ಅರವತ್ತೆಂಟನೇ ವಯಸ್ಸಿನಲ್ಲಿ, ಅದೇ ಕೆನ್ನೆಗೆ ಬಂತು. "ಏನ್ ಮೇಸ್ತ್ರಿ, ಬೆವೀತಾ ಇದ್ದೀರಾ?" ಎಂದ ಪ್ಲಂಬರ್. "ಮೆಟ್ಟಿಲು" ಎಂದ ಮೇಸ್ತ್ರಿ.

ದರ್ಜಿಯ ಹೆಂಡತಿ ಬಾಗಿಲು ತೆಗೆದು, "ಬನ್ನಿ ಅಣ್ಣ" ಎಂದಳು. ಎಂದೂ ಹಾಗೇ ಕರೆಯುವುದು. ಕೆಲಸ ಶುರುವಾದಾಗಿನಿಂದ ಮನೆ ತುಂಬ ದೂಳು, ದಿನಕ್ಕೆರಡು ಸಲ ನೀರು ಬಂದ್, ಎಲೆಕ್ಟ್ರಿಷಿಯನ್ ಎಳೆದ ತಂತಿ ಅವಳ ಅಡುಗೆಕಟ್ಟೆಯ ಮೇಲೆ ಹಗ್ಗದ ಹಾಗೆ ಜೋತುಬಿದ್ದು ವಾರವಾಗಿತ್ತು. ಒಂದು ಮಾತು ಅಂದವಳಲ್ಲ. ಹೊಲಿಗೆ ಯಂತ್ರದ ಮೇಲೆ ಹಾಸಿದ ಬಟ್ಟೆಯನ್ನು ಬೆಳಿಗ್ಗೆ ಸಂಜೆ ಕೊಡವಿ ಮತ್ತೆ ಹಾಸುತ್ತಿದ್ದಳು, ಅಷ್ಟೆ. ದರ್ಜಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿ ಎರಡು ವರ್ಷ. ಮಾತಿನಲ್ಲಿ ಉಳಿದದ್ದು ಒಂದೇ, "ಆಯ್ತಾಯ್ತು." ಹಸಿವಾದರೂ ಅದೇ, ಬೈದರೂ ಅದೇ. "ನಲವತ್ತು ವರ್ಷ ಗಿರಾಕಿಗಳಿಗೆ ಅದನ್ನೇ ಹೇಳಿ ಹೇಳಿ ನಾಲಿಗೆಗೆ ಅದೊಂದೇ ಅಂಟಿಕೊಂಡಿದೆ. ಹೊಲಿದು ಮಾತ್ರ ಕೊಡ್ತಿರಲಿಲ್ಲ" ಎಂದು ಅವಳೇ ಒಮ್ಮೆ ನಕ್ಕು ಹೇಳಿದ್ದಳು. ಈಗ ಇಬ್ಬರೂ ಸೇರಿ ಮಂಚವನ್ನು, ಮಂಚದ ಮೇಲಿದ್ದ ದರ್ಜಿಯ ಸಮೇತ, ಗೋಡೆಯಿಂದ ಮೂರು ಅಡಿ ಈಚೆ ಎಳೆದರು. "ಆಯ್ತಾಯ್ತು" ಎಂದ ದರ್ಜಿ. ಮೇಸ್ತ್ರಿ ಬಗ್ಗಿ ಬಡಿದ. ಮೂರನೇ ಏಟಿಗೆ ಬಡಿಯುವ ಅಗತ್ಯವೇ ಉಳಿಯಲಿಲ್ಲ. ಹಿಡಿಕೆ ಒಳಕ್ಕೆ ಹೋಯಿತು. ಮೇಲೆ ಚೆಂದಕ್ಕೆ ಅರ್ಧ ಇಂಚು ಸಿಮೆಂಟು, ಅದರ ಹಿಂದೆ ಟೀಯಲ್ಲಿ ಅದ್ದಿದ ಬಿಸ್ಕತ್ತಿನಂಥ ಇಟ್ಟಿಗೆ. ಸುಣ್ಣದ ಗಾರೆಯ ಹಳೇ ಗೋಡೆಗೆ ಯಾರೋ ಸಿಮೆಂಟು ಮೆತ್ತಿ ಉಸಿರು ಕಟ್ಟಿಸಿದ್ದರು, ಮೇಲಿನ ಕೊಳವೆ ಎಷ್ಟೋ ವರ್ಷದಿಂದ ಒಳಗೊಳಗೇ ಅದಕ್ಕೆ ನೀರುಣಿಸಿತ್ತು. ಮೇಸ್ತ್ರಿ ಭುಜದವರೆಗೆ ಕೈ ತೂರಿಸಿ ಮೇಲಕ್ಕೆ ತಡವಿದ. ತೊಲೆಯ ತುದಿ ಬೆರಳಿಗೆ ಸಿಕ್ಕಿತು. ಹಿಂಡಿದರೆ ನೀರು ಬಂತು.

ಆ ಗೋಡೆಯನ್ನು ಅವನು ಬಡಿದಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಮನೆ ನೋಡಲು ಬಂದಾಗ ದಲ್ಲಾಳಿ ಕೈಗಡಿಯಾರ ನೋಡಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ, ಅಳಿಯ ಫೋನಿನಲ್ಲಿ ಕೋಣೆ ಕೋಣೆಯ ಚಿತ್ರ ತೆಗೆಯುತ್ತಿದ್ದ. ಇಪ್ಪತ್ತೆರಡು ಗೋಡೆ ಮುಗಿಸಿ ಈ ಕೋಣೆಗೆ ಬಂದರೆ ದರ್ಜಿ ಗೋಡೆಗೆ ಬೆನ್ನು ಹಚ್ಚಿ ನಿದ್ದೆಹೋಗಿದ್ದ. ಹೆಂಡತಿ ತುಟಿಯ ಮೇಲೆ ಬೆರಳಿಟ್ಟು, "ಎರಡು ದಿನದಿಂದ ಕಣ್ಣು ಮುಚ್ಚಿಲ್ಲ ಅಣ್ಣ, ಈಗ ತಾನೇ ನಿದ್ದೆ ಹತ್ತಿದೆ. ನಾಳೆ ಬೆಳಿಗ್ಗೆ ಬನ್ನಿ, ಮಂಚ ಎಳೆದು ಕೊಡ್ತೀನಿ, ಎಷ್ಟು ಬೇಕೋ ಅಷ್ಟು ಬಡೀರಿ" ಎಂದು ಪಿಸುಗುಟ್ಟಿದ್ದಳು. ಆಗಲಿ ತಾಯಿ ಎಂದು ಬೆಕ್ಕಿನ ಹಾಗೆ ಹೆಜ್ಜೆಯಿಟ್ಟು ಹೊರಗೆ ಬಂದಿದ್ದ. ಅಲ್ಲಿಯವರೆಗೆ ತಪ್ಪೇನೂ ಇರಲಿಲ್ಲ. ಗೇಟಿನ ಹತ್ತಿರ ಅಳಿಯ, "ಏನ್ ಮಾವ, ತಗೋಬಹುದಾ? ನೀವು ಹೂಂ ಅಂದ್ರೆ ಹೂಂ" ಎಂದ. ಅದು ಅವನು ನಿರೀಕ್ಷಿಸಿರದ ಮಾತು. ಮಗಳ ಮದುವೆಯಾಗಿ ಒಂಬತ್ತು ವರ್ಷ, ಅವರ ಜೊತೆಗೇ ಇರತೊಡಗಿ ಆರು ವರ್ಷ. ಅಷ್ಟೂ ದಿನದಲ್ಲಿ ಅಳಿಯ ಅವನನ್ನು ಕೇಳಿದ್ದು ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಟೀವಿ ಸ್ವಲ್ಪ ಕಮ್ಮಿ ಮಾಡ್ತೀರಾ, ಇಷ್ಟೇ. ಆಫೀಸಿನ ಗೆಳೆಯರು ಮನೆಗೆ ಬಂದಾಗ "ನಮ್ಮ ಮಾವ, ಕಟ್ಟಡದ ಬಿಸಿನೆಸ್ಸಿನಲ್ಲಿದ್ರು" ಎಂದು ಪರಿಚಯ ಮಾಡಿಸಿದ್ದ. ಗೆಳೆಯರಲ್ಲೊಬ್ಬ ಗೌರವದಿಂದ ಎದ್ದು ಕೈ ಕುಲುಕಿದಾಗ ಮೇಸ್ತ್ರಿ ತನ್ನ ಒರಟು ಅಂಗೈಯನ್ನು ಬೇಗ ಬಿಡಿಸಿಕೊಂಡಿದ್ದ, ಬಿಡಿಸಿಕೊಂಡದ್ದಕ್ಕೆ ತಿಂಗಳುಗಟ್ಟಲೆ ನಾಚಿದ್ದ. ಅಂಥ ಅಳಿಯ ಕೈಕಟ್ಟಿ ನಿಂತು, ನೀವು ಹೂಂ ಅಂದರೆ ಹೂಂ ಎನ್ನುತ್ತಿದ್ದಾನೆ. ನಾಳೆ ಬಂದು ಒಂದು ಗೋಡೆ ನೋಡಬೇಕು ಎಂದರೆ ಈ ಗಳಿಗೆ ನಾಳೆಯವರೆಗೆ ನಿಲ್ಲುತ್ತದೆಯೆ? "ಎಲ್ಲಾ ಬಡಿದು ನೋಡಿದೆ. ಗಟ್ಟಿ ಮನೆ" ಎಂದಿದ್ದ ಮೇಸ್ತ್ರಿ. ಹೇಳುತ್ತಲೇ ಕಾಗದವನ್ನು ಗೇಟಿನ ಕಂಬಕ್ಕೆ ಒತ್ತಿಹಿಡಿದು ಇಪ್ಪತ್ತಮೂರನೇ ಗೆರೆ ಎಳೆದಿದ್ದ. ಅಳಿಯ ಆ ಕಾಗದದ ಚಿತ್ರವನ್ನೂ ತೆಗೆದುಕೊಂಡಿದ್ದ. ಮಾರನೇ ದಿನ ಮೇಸ್ತ್ರಿ ಹೋಗಲಿಲ್ಲ. ಹೋಗಿದ್ದರೆ ಗೊತ್ತಾಗುತ್ತಿತ್ತು, ಗೊತ್ತಾಗಿದ್ದರೆ ಹೇಳಬೇಕಾಗುತ್ತಿತ್ತು.

ಮನೆ ರಿಜಿಸ್ಟರ್ ಆದ ದಿನ ಮಗಳು ಇದೇ ಕೋಣೆಯಲ್ಲಿ ದರ್ಜಿಯ ಹೆಂಡತಿಯ ಕೈ ಹಿಡಿದುಕೊಂಡು, "ಏನೂ ಯೋಚನೆ ಮಾಡ್ಬೇಡಿ ಅಮ್ಮ. ಮುಂದಿನ ಭಾಗ, ಮಹಡಿ ಸರಿಮಾಡಿ ಬಾಡಿಗೆಗೆ ಕೊಡ್ತೀವಿ. ನೀವು ಇರೋ ತನಕ ಈ ಕೋಣೆ ನಿಮ್ಮದು" ಎಂದಿದ್ದಳು. ಮಗಳು ಮಾತು ಕೊಟ್ಟರೆ ಕೊಟ್ಟಳು. ತಾಯಿ ಇಲ್ಲದೆ ಬೆಳೆದವಳು, ಹತ್ತು ವರ್ಷದವಳಿದ್ದಾಗಲೇ ಅಪ್ಪನ ಕೂಲಿಯ ದಿನಗಳನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಡುತ್ತಿದ್ದಳು, ಅಪ್ಪ ಕೆಲಸಕ್ಕೆ ಹೋಗದ ಒಂದು ದಿನವನ್ನೂ ಲೆಕ್ಕಕ್ಕೆ ಬರೆಸಿದನೆಂದು ಕಂಟ್ರಾಕ್ಟರನ ಹತ್ತಿರ ತಾನೇ ಹೋಗಿ ಅಳಿಸಿ ಬಂದಿದ್ದಳು. ಅಳಿಯನಿಗೆ ಆಗಲೇ ಈ ಕೋಣೆಯ ಮೇಲೆ ಕಣ್ಣಿತ್ತು. ಮುಂದಿನ ಭಾಗ ಒಂದು, ಮಹಡಿ ಒಂದು, ಹಿಂದಿನದು ಒಂದು, ಮೂರು ಬಾಡಿಗೆಯಾದರೆ ಮಾತ್ರ ಇದು ಮನೆ, ಎರಡಾದರೆ ಬರೀ ತಲೆನೋವು ಎನ್ನುತ್ತಿದ್ದ. ಹೆಂಡತಿ ಮಾತು ಕೊಟ್ಟ ಮೇಲೆ ಸುಮ್ಮನಾಗಿದ್ದ.

ಆವತ್ತು ಮಧ್ಯಾಹ್ನ ಇಬ್ಬರೂ ಆಫೀಸಿನಿಂದ ಓಡಿಬಂದರು. ಪ್ಲಂಬರ್ ಅಷ್ಟರಲ್ಲಿ ತೊಲೆಯ ಅಡಿಗೆ ಎರಡು ಕಬ್ಬಿಣದ ಕಂಬ ಕೊಟ್ಟು ಆಸರೆ ಮಾಡಿದ್ದ. ದರ್ಜಿಯ ಮಂಚ ಕಂಬಗಳ ನಡುವೆ, ಯಾವುದೋ ಸೇತುವೆಯ ಕೆಳಗೆ ಸಿಕ್ಕಿಕೊಂಡ ದೋಣಿಯಂತೆ ಇತ್ತು. ಅಳಿಯ ತೂತಿನೊಳಗೆ ಫೋನಿನ ದೀಪ ಬಿಟ್ಟು ನೋಡಿದ. ಎಷ್ಟು ದಿನ, ಏನು ಕತೆ ಎಂದ. ಗೋಡೆ ಕಿಟಕಿಯವರೆಗೆ ಬಿಚ್ಚಬೇಕು, ತೊಲೆ ಬದಲಿಸಬೇಕು, ಕಮ್ಮಿಯೆಂದರೆ ಒಂದೂವರೆ ತಿಂಗಳು ಎಂದ ಮೇಸ್ತ್ರಿ. ಮಹಡಿಗೆ ಮುಂದಿನ ತಿಂಗಳು ಬರುತ್ತೇವೆಂದು ಒಪ್ಪಿದವರಿದ್ದರು, ಅವರು ಇನ್ನು ಬರುವುದಿಲ್ಲ. ಅಳಿಯ ಫೋನು ಸವರಿ ಸವರಿ ಒಂದು ಚಿತ್ರ ತೆಗೆದ. "ಮಾವ, ಇಲ್ನೋಡಿ, ಇಪ್ಪತ್ತಮೂರು ಗೆರೆ ಇದೆ. ಇದನ್ನೂ ಬಡಿದಿದ್ರಿ ಅಲ್ವಾ?"

ಕೋಣೆಯಲ್ಲಿ ಐದು ಜನ. ಮಗಳು ಅವನ ಮುಖ ನೋಡುತ್ತಿದ್ದಳು, ಕ್ಯಾಲೆಂಡರ್ ನೋಡುತ್ತಿದ್ದಾಗಿನ ಅದೇ ಕಣ್ಣು. ಇಲ್ಲ ಎಂಬುದು ಎರಡು ಅಕ್ಷರ. ಮೇಸ್ತ್ರಿಯ ಬಾಯಲ್ಲಿ ಅದು ಇತ್ತು, ನಾಲಿಗೆಯ ಅಡಿಯಲ್ಲಿ ಮರಳಿನ ಹರಳಿನ ಹಾಗೆ. "ಬಡಿದೆ" ಎಂದ. "ಮಂಚದ ಮೇಲ್ಗಡೆ ಬಡಿದೆ. ಕೆಳಗೆ... ಕೆಳಗೆ ಅಡ್ಡ ಇತ್ತು. ಬಟ್ಟೆ ಗಂಟುಗಳೆಲ್ಲ ಇದ್ವು." ಅಷ್ಟು ಸಾಕಾಯಿತು, ಮಿಕ್ಕದ್ದನ್ನು ಅಳಿಯನೇ ಕಟ್ಟಿಕೊಂಡ. "ಅಂದ್ರೆ ಗೊತ್ತಿದ್ದೇ ಅಡ್ಡ ಇಟ್ಟಿದ್ರು. ಗೋಡೆ ಪಕ್ಕ ವರ್ಷಗಟ್ಟಲೆ ಮಲಗೋರಿಗೆ ಒದ್ದೆ ಗೊತ್ತಾಗಲ್ವಾ? ಹಳೇ ಓನರ್ ಹೇಳಿಕೊಟ್ಟಿರ್ತಾನೆ. ಏನಮ್ಮಾ, ಬಡಿಯೋಕೆ ಬಂದಾಗ ನೀವು ಏನಂದ್ರಿ?" ದರ್ಜಿಯ ಹೆಂಡತಿ ಅಳಿಯನ ಕಡೆ ನೋಡಲಿಲ್ಲ. ಮೇಸ್ತ್ರಿಯನ್ನೇ ನೋಡಿದಳು. ಸಿಟ್ಟಿನಿಂದಲ್ಲ, ಬಸ್ಸಿಗೆ ಕಾಯುವವರು ರಸ್ತೆಯ ತಿರುವು ನೋಡುತ್ತಾರಲ್ಲ, ಹಾಗೆ. ಮೇಸ್ತ್ರಿ ಬಾಗಿಲ ಹತ್ತಿರವಿದ್ದ ಸಿಮೆಂಟಿನ ಚೀಲ ನೋಡಿದ. ಚೀಲದ ಬಾಯಿ ಸರಿಯಾಗಿ ಕಟ್ಟಿರಲಿಲ್ಲ, ಗಾಳಿ ತಾಗಿದರೆ ಗಟ್ಟಿಯಾಗುತ್ತದೆ, ಕಟ್ಟಬೇಕು ಎಂದುಕೊಂಡ. "ಹೌದು" ಎಂದಳು ಅವಳು. "ಬಡೀಬೇಡಿ ಅಂತ ನಾನೇ ಅಂದೆ." ಮಗಳು, "ಅಮ್ಮ, ನೀವಾ?" ಎಂದಳು. ಮಂಚದ ಮೇಲಿಂದ ದರ್ಜಿ, "ಆಯ್ತಾಯ್ತು" ಎಂದ.

ಹೊರಗೆ ಅಂಗಳದಲ್ಲಿ ಮಗಳು ಮೆಲ್ಲಗೆ, ಗೋಡೆ ಮುಗಿಯುವ ತನಕ ಅವರನ್ನು ಮಹಡಿಯ ಮುಂದಿನ ಕೋಣೆಯಲ್ಲಿ ಇಡಬಹುದಲ್ಲ, ಹೇಗೂ ಖಾಲಿ ಇದೆಯಲ್ಲ ಎಂದು ಕೇಳಿದಳು. ಕೇಳಿದ್ದು ಗಂಡನನ್ನು, ನೋಡಿದ್ದು ಅಪ್ಪನನ್ನು. "ಮೋಸ ಮಾಡಿದವರಿಗೆ ಮಹಡಿ ಬೇರೆನಾ? ಆರತಿ ಎತ್ತಿ ಒಳಗೆ ಕರ್ಕೋತೀಯಾ?" ಎಂದ ಅಳಿಯ. ಮಗಳು ಚಪ್ಪಲಿಯ ತುದಿಯಿಂದ ಜಲ್ಲಿ ಕಲ್ಲೊಂದನ್ನು ಆಚೆ ಈಚೆ ಉರುಳಿಸಿದಳು. "ನನಗೆ ಅವರು ಸುಳ್ಳು ಹೇಳಿರದಿದ್ರೆ..." ಎಂದು ನಿಲ್ಲಿಸಿದಳು. ಆ ಮಾತು ಮೇಸ್ತ್ರಿಯ ಕಿವಿಯಲ್ಲಿ ಉಳಿದದ್ದು ಅರ್ಧಕ್ಕೇ. ಉಳಿದರ್ಧ ಏನೆಂದು ಅವನಿಗೆ ಗೊತ್ತಿತ್ತು: ಇರಲಿ ಬಿಡಿ, ಮಹಡಿಗೆ ಬರಲಿ ಎನ್ನುತ್ತಿದ್ದೆ. ತನ್ನ ಒಂದು ಮಾತು ಸಾಕಿತ್ತು. ಒಂದು ವಾರದೊಳಗೆ ಖಾಲಿ ಮಾಡಬೇಕು ಎಂದು ಅಳಿಯ ಹೇಳಿದ, ದರ್ಜಿಯ ಹೆಂಡತಿ ಆಗಲಿ ಎಂದಳು.

ಶನಿವಾರ, ಭಾನುವಾರ, ಸೋಮವಾರ. ಆ ಮಾತನ್ನು ಮೇಸ್ತ್ರಿ ಊಟದ ಹೊತ್ತಿಗೆ ನಾಲಿಗೆಯವರೆಗೆ ತಂದ, ನುಂಗಿದ. ಬೆಳಿಗ್ಗೆ ಮಗಳು ಚಪ್ಪಲಿ ಹಾಕಿಕೊಳ್ಳುವಾಗ ಬಾಗಿಲಿನವರೆಗೆ ಹೋಗಿ, "ಛತ್ರಿ ತಗೊಂಡ್ಯಾ?" ಎಂದ. "ಇದೇನಪ್ಪಾ, ಈ ಬಿಸಿಲಲ್ಲಿ ಛತ್ರಿ?" ಎಂದು ಅವಳು ನಕ್ಕಳು. ಕೆಲಸದ ಮನೆಯಲ್ಲಿ ಎಲ್ಲವೂ ಒಂದಕ್ಕೊಂದು ತಿರುಗಿಬಿದ್ದವು. ಬಾಗಿಲುಗಳು ಚೌಕಟ್ಟಿಗೆ ಒಂದಿಂಚು ಉದ್ದ ಬಂದವು. ಎರಡನೇ ಸಲ ತರಿಸಿದ ಟೈಲ್ಸು ಮೊದಲಿನದಕ್ಕಿಂತ ಮಸುಕು. ಎಲೆಕ್ಟ್ರಿಷಿಯನ್ ಬೇರೆ ಕಡೆ ದೊಡ್ಡ ಕೆಲಸ ಸಿಕ್ಕಿತೆಂದು ಫೋನು ಎತ್ತುವುದನ್ನೇ ಬಿಟ್ಟ. ಇವೆಲ್ಲ ಅವನಿಗೆ ಹೊಸತಲ್ಲ. ಹಳೇ ಮನೆ ಮುಟ್ಟಿದವರಿಗೆ ಗೊತ್ತು, ಒಂದು ಮೊಳೆ ಕಿತ್ತರೆ ಹತ್ತು ಕಡೆ ಅಲುಗುತ್ತದೆ. ಆದರೆ ಈ ಸಲ ಪ್ರತಿಯೊಂದೂ ತನ್ನನ್ನೇ ಬೊಟ್ಟು ಮಾಡುತ್ತಿದೆ ಎನ್ನಿಸಿತು. ಹಿಂದಿನ ಕೋಣೆಯಲ್ಲಿ ಡಬ್ಬಿಗಳನ್ನು ಚೀಲಕ್ಕೆ ಹಾಕುವ ಸದ್ದು. ದರ್ಜಿಯ ಹೆಂಡತಿ ಎದುರಾದರೆ ಸರಿದು ದಾರಿ ಬಿಡುತ್ತಿದ್ದಳು. ಮಂಗಳವಾರ ನೀರಿನ ಬಕೆಟ್ ಎತ್ತಿಕೊಡಲು ಹೋದಾಗ, "ಬೇಡ ಯಜಮಾನ್ರೇ, ಅಭ್ಯಾಸ ಇದೆ" ಎಂದಳು. ಅವನನ್ನು ಹಾಗೆ ಜೀವಮಾನದಲ್ಲಿ ಯಾರೂ ಕರೆದಿರಲಿಲ್ಲ. ಅವನು ಇತರರನ್ನು ಹಾಗೆ ಕರೆದಿದ್ದ, ಐವತ್ತು ವರ್ಷ, ಕೂಲಿಗೆ ಕೈ ಚಾಚುವಾಗ. ಬಾಯಲ್ಲಿ ಗೌರವ ಇಟ್ಟುಕೊಂಡು ಒಳಗೆ ಏನನ್ನು ಇಟ್ಟುಕೊಂಡಿರುತ್ತಾರೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಬುಧವಾರ ಟೈಲ್ಸು ಬದಲಿಸಲೆಂದು ಅಳಿಯನ ಜೊತೆ ಕಾರಿನಲ್ಲಿ ಹೊರಟ. ಅಂಗಡಿಯ ಎದುರು ನಿಲ್ಲಿಸಲು ಜಾಗವಿರಲಿಲ್ಲ, ಮುಂದಿನ ಲಾರಿ ಹೊರಡಲಿ ಎಂದು ಕಾಯುತ್ತ ಕೂತರು. ಲಾರಿಯ ಹಿಂದಿನ ಕೆಂಪು ದೀಪ ಒಂದು ಒಡೆದಿತ್ತು. ಅದನ್ನು ನೋಡುತ್ತ ನೋಡುತ್ತ ಮೇಸ್ತ್ರಿ ಹೇಳಿಬಿಟ್ಟ. ಹೇಗೆ ಬಂತೋ ಗೊತ್ತಿಲ್ಲ. "ಆ ಗೋಡೆ ನಾನು ಬಡೀಲೇ ಇಲ್ಲ. ಆಯಮ್ಮ ನಾಳೆ ಬಾ ಅಂದಿದ್ಲು. ನಾನು ಹೋಗಲಿಲ್ಲ. ನಿಮ್ಮ ಹತ್ರ ಬಡಿದೆ ಅಂದೆ. ಅವಳದ್ದೇನೂ ತಪ್ಪಿಲ್ಲ." ಹೇಳಿ ಮುಗಿಸಿ ಎರಡೂ ಕೈ ತೊಡೆಯ ಮೇಲಿಟ್ಟು ಏಟಿಗೆ ಕಾದ. ಅಳಿಯ ಅವನ ಕಡೆ ತಿರುಗಿದ. ಆಮೇಲೆ ನಕ್ಕ. ಒಳ್ಳೆಯ ನಗೆಯೇ. "ಅಯ್ಯೋ ಮಾವ, ಇಷ್ಟಕ್ಕೇ ವಾರದಿಂದ ಊಟ ಬಿಟ್ಟಿದ್ದಾ? ನಾನು ಶುಗರ್ ಏನಾದ್ರೂ ಜಾಸ್ತಿ ಆಯ್ತೇನೋ ಅಂದ್ಕೊಂಡಿದ್ದೆ." ಸ್ಟೇರಿಂಗಿನ ಮೇಲೆ ಬೆರಳು ಕುಟ್ಟುತ್ತ, "ನೀವು ಬಡೀಲಿ ಬಿಡ್ಲಿ, ಆಗೋದೇನಿತ್ತು? ನಾವು ಬಂದು ನೋಡೋಕೆ ಎರಡು ದಿನ ಮುಂಚೇನೇ ಅಡ್ವಾನ್ಸ್ ಕೊಟ್ಟಾಗಿತ್ತು. ಅಪ್ಪನ್ನ ಒಂದು ಮಾತು ಕೇಳಿ, ಖುಷಿ ಪಡ್ತಾರೆ ಅಂದ್ಲು ನಿಮ್ಮ ಮಗಳು. ಅದಕ್ಕೇ ಕರ್ಕೊಂಡು ಹೋಗಿದ್ದು" ಎಂದ. ಲಾರಿ ಹೊರಟಿತು. ಅಳಿಯ ಕಾರನ್ನು ಆ ಜಾಗಕ್ಕೆ ನಾಜೂಕಾಗಿ ಸೇರಿಸಿ, ಕೈಬ್ರೇಕ್ ಎಳೆದು, ಇಳಿಯುವ ಮುಂಚೆ, "ಇದನ್ನ ಅವಳ ಹತ್ರ ಹೇಳೋಕೆ ಹೋಗ್ಬೇಡಿ. ಹೇಳಿದ್ರೆ ಅವರನ್ನ ಇಟ್ಕೋಬೇಕು ಅಂತ ಕೂತ್ಕೋತಾಳೆ. ನಿಮಗೂ ಚೆಂದ ಅಲ್ಲ" ಎಂದ. ಅಂಗಡಿಯೊಳಗೆ ಮೇಸ್ತ್ರಿ ಟೈಲ್ಸನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿದ. ಎರಡೂ ಒಂದೇ ಥರ ಕಂಡವು. ಹೂಂ ಎಂದ.

ಗೇಟಿನ ಹತ್ತಿರದ ಆ ಗಳಿಗೆಯನ್ನು ಅವನು ನಾಲ್ಕು ತಿಂಗಳಿಂದ ದಿನಕ್ಕೊಮ್ಮೆಯಾದರೂ ತೆಗೆದು ನೋಡಿಕೊಂಡಿದ್ದ. ಅಳಿಯ ಕೈಕಟ್ಟಿ ನಿಂತದ್ದು, ಸ್ವಲ್ಪ ತಲೆ ಬಗ್ಗಿಸಿದ್ದು. ಬಹುಶಃ ಆಗ ಅಳಿಯ ಮನಸ್ಸಿನಲ್ಲೇ ಬೇಗ ಮುಗಿಸಪ್ಪ ಎನ್ನುತ್ತಿದ್ದ. ದಲ್ಲಾಳಿ ಗಡಿಯಾರ ನೋಡಿಕೊಳ್ಳುತ್ತಿದ್ದುದೂ ಅದಕ್ಕೇ. ಆಗಲೇ ಮುಗಿದ ವ್ಯಾಪಾರದಲ್ಲಿ ಮುದುಕನೊಬ್ಬ ಗೋಡೆ ಗೋಡೆಗೆ ಕಿವಿ ಕೊಟ್ಟು ಗೆರೆ ಎಳೆಯುತ್ತಿದ್ದರೆ ಇಬ್ಬರೂ ಮುಖ ಮುಖ ನೋಡಿಕೊಂಡಿರಬೇಕು. ಸಂಜೆ ಮಗಳು ಆಫೀಸಿನಿಂದ ಬಂದು ಟೀ ಮಾಡಿಕೊಟ್ಟು ಎದುರಿಗೆ ಕೂತಳು. ಅಳಿಯ ಸ್ನಾನಕ್ಕೆ ಹೋಗಿದ್ದ. ನೀರಿನ ಸದ್ದು ಕೇಳುತ್ತಿತ್ತು, ಒಂದು ಇಡೀ ಬಕೆಟ್ಟಿನಷ್ಟು ಹೊತ್ತು ಸಿಕ್ಕಿತ್ತು. "ನಾಳೆ ಹೋಗ್ತಾರಂತೆ" ಎಂದಳು ಮಗಳು. "ಹೂಂ." "ಅವರ ತಂಗಿ ಮನೆ ಹಿಂದೆ ಸಾಮಾನಿನ ಕೋಣೆ ಇದೆಯಂತೆ, ಅಲ್ಲಿಗೆ. ನನಗೆ ಮನಸ್ಸಿಗೆ ಒಂಥರಾ ಆಗ್ತಿದೆ ಅಪ್ಪ. ನಿನಗೆ ಏನನ್ಸುತ್ತೆ?" ಎರಡನೇ ಸಲ ಒಬ್ಬರು ಅವನನ್ನು ಕೇಳುತ್ತಿದ್ದರು, ಈ ಸಲ ನಿಜವಾಗಿ. ಹೇಳಿದರೆ ಇವಳು ಈಗಲೇ ಎದ್ದು ಹೋಗುತ್ತಾಳೆ, ಅವರನ್ನು ತಡೆಯುತ್ತಾಳೆ. ಆಮೇಲೆ ವಾಪಸು ಬಂದು ಇದೇ ಕುರ್ಚಿಯಲ್ಲಿ ಕೂತು ತನ್ನನ್ನು ನೋಡುತ್ತಾಳೆ. ಸ್ನಾನದ ಮನೆಯಲ್ಲಿ ನೀರು ನಿಂತಿತು. "ನಿಮ್ಮ ಯಜಮಾನರು ಯೋಚನೆ ಮಾಡೇ ಮಾಡಿರ್ತಾರೆ" ಎಂದ ಮೇಸ್ತ್ರಿ.

ಗುರುವಾರ ಹನ್ನೊಂದಕ್ಕೆ ವ್ಯಾನು ಬಂತು. ಹೊಲಿಗೆ ಯಂತ್ರ ಮೊದಲು ಹೋಯಿತು, ಆಮೇಲೆ ಪಾತ್ರೆಯ ಚೀಲ, ಮಡಿಸಿದ ಹಾಸಿಗೆ. ದರ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹಿಂದಿನಿಂದ ಪ್ಲಂಬರ್, ಮುಂದಿನಿಂದ ಮೇಸ್ತ್ರಿ ಹಿಡಿದು ಮೂರು ಮೆಟ್ಟಿಲು ಇಳಿಸಿದರು. "ಮೆಲ್ಲಗೆ ಮೇಸ್ತ್ರಿ, ಇದು ಸಿಮೆಂಟ್ ಮೂಟೆ ಅಲ್ಲ" ಎಂದ ಪ್ಲಂಬರ್. ದರ್ಜಿಯ ಮಂಡಿ ಮೇಸ್ತ್ರಿಯ ಎದೆಗೆ ತಾಗುತ್ತಿತ್ತು. ತೂಕವೇ ಇರಲಿಲ್ಲ. ವ್ಯಾನಿನ ಬಾಗಿಲು ಹಾಕುವ ಮುಂಚೆ ಮೇಸ್ತ್ರಿ ದರ್ಜಿಯ ಹೆಂಡತಿಯ ಹತ್ತಿರ ಹೋಗಿ, "ನಾನು ಹೇಳಿದೆ ತಾಯಿ" ಎಂದ. "ನಿಮ್ಮ ತಪ್ಪಲ್ಲ ಅಂತ ನಿನ್ನೆ ಹೇಳಿಬಿಟ್ಟೆ."

ಅವಳು ಗಂಡನ ಕಾಲ ಮೇಲೆ ಹೊದಿಕೆ ಸರಿಮಾಡುತ್ತಿದ್ದಳು. "ಮಗಳಿಗಾ?"

"ಅಳಿಯಂದಿರಿಗೆ."

ಅವಳು ಹೊದಿಕೆಯ ಅಂಚನ್ನು ಸೀಟಿನ ಸಂದಿಗೆ ತುರುಕಿದಳು, ಎರಡೂ ಕಡೆ. "ಮಾತು ಕೊಟ್ಟಿದ್ದು ಮಗಳಲ್ವಾ?" ಎಂದಳು. ಯಾವುದೋ ವಿಳಾಸ ಕೇಳಿದವರಿಗೆ ಹೇಳುವ ಧ್ವನಿ. ಆಮೇಲೆ ಡ್ರೈವರನಿಗೆ, "ಹಳ್ಳ ಬಂದ್ರೆ ಸ್ವಲ್ಪ ನೋಡ್ಕೊಂಡು ಹೋಗಪ್ಪ" ಎಂದು ಹೇಳಿ ಹತ್ತಿ ಕೂತಳು.

ವ್ಯಾನು ತಿರುವಿನಲ್ಲಿ ಮರೆಯಾದ ಮೇಲೆ ಪ್ಲಂಬರ್ ಸುತ್ತಿಗೆ ತಂದುಕೊಂಡು, "ಶುರು ಮಾಡೋಣ್ವಾ?" ಎಂದ. ಅರ್ಧ ಗಂಟೆಯಲ್ಲಿ ಕಿಟಕಿಯ ಎಡಭಾಗ ಉರುಳಿತು, ಮಣ್ಣಿನಂತೆ, ಸದ್ದಿಲ್ಲದೆ. ಹನ್ನೆರಡೂವರೆಗೆ ಮಗಳು ಬಂದಳು. ಅರ್ಧ ದಿನ ರಜೆ ಹಾಕಿದ್ದಳು, ಕೈಯಲ್ಲಿ ಹೊಸ ಕಂಬಳಿಯ ಪೊಟ್ಟಣ. ಗೋಡೆ ಇಲ್ಲದ ಕೋಣೆಯಾಚೆ ಹಿಂದಿನ ಬೀದಿ ಕಾಣುತ್ತಿತ್ತು, ಅದನ್ನೇ ನೋಡುತ್ತ ನಿಂತಳು.

"ಹೋದ್ರಾ ಅಪ್ಪ?"

"ಹೋದರು."

"ಏನಾದ್ರೂ ಅಂದ್ರಾ?"

ಮೇಸ್ತ್ರಿ ಕಣ್ಣಿಗೆ ಬಿದ್ದ ದೂಳನ್ನು ಮೊಣಕೈಯಿಂದ ಒರೆಸಿಕೊಂಡ. "ಏನೂ ಅನ್ನಲಿಲ್ಲ" ಎಂದ.